ಹಳೆಯ ದೋಣಿಯೂ ಹೊಸ ಬಣ್ಣವೂ

ಹಸುವನ್ನು ಕೊಳ್ಳುವವನು ಅದರ ಹಲ್ಲನ್ನು ನೋಡುತ್ತಾನೆ. ಮನೆಯನ್ನು ಕೊಳ್ಳುವವನು ತೊಲೆಗಳನ್ನು ನೋಡುತ್ತಾನೆ. ಹಳೆಯ ಹಾಯಿದೋಣಿಯನ್ನು ಕೊಳ್ಳುವವನು ಏನನ್ನು ನೋಡಬೇಕು? ಈ ಪ್ರಶ್ನೆಯು ನಮ್ಮ ವಾಚಕರಲ್ಲಿ ಬಹುಮಂದಿಗೆ ಅನಾವಶ್ಯಕವೆಂದು ತೋರಬಹುದು. ಎಪ್ಪತ್ತೆರಡು ವರ್ಷ ತುಂಬುವವರೆಗೆ ನನಗೂ ಹಾಗೆಯೇ ತೋರಿದ್ದಿತು. ಆದರೆ ಸ್ವೀಡನ್ ದೇಶದ ರಾಜಧಾನಿಯಾದ ಸ್ಟಾಕ್‌ಹೋಮಿನಲ್ಲಿ ಮಗಳ ಮನೆಯಲ್ಲಿ ಒಂದು ವಸಂತವನ್ನು ಕಳೆಯಲು ಹೋದಾಗ, ಅಲ್ಲಿಯೇ ಉದ್ಯೋಗದಲ್ಲಿರುವ ನಮ್ಮ ಅಳಿಯಂದಿರು ಒಂದು ದಿನ ಊಟಕ್ಕೆ ಕುಳಿತಿದ್ದಂತೆ, “ಮಾವ, ಈ ಬೇಸಗೆಗೆ ಒಂದು ಹಳೆಯ ಹಾಯಿದೋಣಿಯನ್ನು ಕೊಳ್ಳೋಣವೆಂದಿದ್ದೇನೆ. ನೀವು ಹೊನ್ನಾವರದವರು, ದೋಣಿಗಳ ನಡುವೆಯೇ ಬೆಳೆದವರು. ನನ್ನೊಡನೆ ಬಂದು ನೋಡಿಕೊಡಬೇಕು” ಎಂದರು.

ಮಗಳು ಆಗ ಏನನ್ನೂ ಹೇಳಲಿಲ್ಲ. ರಾತ್ರಿ ಪಾತ್ರೆಗಳನ್ನು ಒರಸಿಡುತ್ತ ಮೆಲ್ಲಗೆ, “ಅಪ್ಪ, ನೀವು ಬೇಡವೆಂದರೆ ಅವರು ಕೊಳ್ಳುವುದಿಲ್ಲ” ಎಂದಳು. ಬೇಡವೆನ್ನಲಿ ಎಂದು ಅವಳ ಆಸೆಯೋ, ಹೂಂ ಎನ್ನಲಿ ಎಂದು ಆಸೆಯೋ ನನಗೆ ಅರ್ಥವಾಗಲಿಲ್ಲ. ನಾನಂತೂ ಬೇಡವೆನ್ನುವುದೆಂದೇ ನಿಶ್ಚಯಿಸಿ ಮಲಗಿದೆನು. ಅದಕ್ಕೆ ಕಾರಣವನ್ನು ಮುಂದೆ ಹೇಳುವೆನು.

ಮೊದಲು ಆ ಊರನ್ನು ವಾಚಕರಿಗೆ ಸ್ವಲ್ಪ ಪರಿಚಯ ಮಾಡಿಕೊಡಬೇಕು. ಸ್ಟಾಕ್‌ಹೋಮ್ ಹದಿನಾಲ್ಕು ದ್ವೀಪಗಳ ಮೇಲೆ ಹರಡಿದ ನಗರ. ಪಡುವಲಿಂದ ಬರುವ ಮೇಲರೆನ್ ಎಂಬ ಸಿಹಿನೀರಿನ ಸರೋವರವು ಊರ ನಡುವೆಯೇ ಬಾಲ್ಟಿಕ್ ಸಮುದ್ರವನ್ನು ಕೂಡುತ್ತದೆ. ಅಲ್ಲಿಂದ ಮೂಡಲಿಗೆ ಸುಮಾರು 30,000 ದ್ವೀಪಗಳ ಒಂದು ಸ್ತೋಮವು ಹಬ್ಬಿದೆ. ಕೆಲವು ದೊಡ್ಡವು, ಅವುಗಳ ಮೇಲೆ ಕಾಡು, ಹೊಲ, ಇಗರ್ಜಿ, ಕೆಂಪು ಬಳಿದ ಮರದ ಮನೆಗಳು ಇವೆ. ಬಹುಪಾಲು ದ್ವೀಪಗಳಲ್ಲಿ ನಾಲ್ಕು ಪೈನ್ ಮರಗಳು, ನುಣ್ಣನೆಯ ಒಂದು ಬಂಡೆ, ಅದರ ಮೇಲೆ ಒಂದೆರಡು ಕಡಲ ಹಕ್ಕಿಗಳು, ಇಷ್ಟೇ. ಹಿಮಯುಗದಲ್ಲಿ ಮೈಲಿಗಟ್ಟಲೆ ದಪ್ಪದ ಮಂಜಿನ ಭಾರಕ್ಕೆ ಕುಸಿದಿದ್ದ ಆ ನೆಲವು ಭಾರವಿಳಿದ ಮೇಲೆ ಇಂದಿಗೂ ಮೇಲೇಳುತ್ತಲೇ ಇದೆ. ವರ್ಷಕ್ಕೆ ನಾಲ್ಕೈದು ಮಿಲಿಮೀಟರು ಮಾತ್ರ. ಆದರೂ ಅಜ್ಜನ ಕಾಲದಲ್ಲಿ ದೋಣಿ ಸಾಗುತ್ತಿದ್ದ ಕಿರುದಾರಿಯಲ್ಲಿ ಮೊಮ್ಮಗನ ಕಾಲಕ್ಕೆ ಬಂಡೆ ತಲೆಯೆತ್ತುವುದಕ್ಕೆ ಅಷ್ಟೇ ಸಾಕು.

ನಮ್ಮ ಶರಾವತಿಯ ಅಳಿವೆಯಲ್ಲಿ ದಿನಕ್ಕೆ ಎರಡು ಬಾರಿ ನೀರು ಏರಿ ಇಳಿಯುತ್ತದೆ. ಮರಳಿನಲ್ಲಿ ದೋಣಿ ಸಿಕ್ಕಿಕೊಂಡರೆ ಅಂಬಿಗನು ಎಲೆಯಡಿಕೆ ಹಾಕಿಕೊಂಡು ಭರತವನ್ನು ಕಾಯುತ್ತಾನೆ. ನೀರು ಏರಿ ತಾನಾಗಿಯೇ ಎತ್ತಿಕೊಡುತ್ತದೆ. ಬಾಲ್ಟಿಕ್ಕಿನಲ್ಲಿ ಭರತ ಇಳಿತಗಳು ಇಲ್ಲವೆಂದೇ ಹೇಳಬಹುದು. ಅಲ್ಲಿ ತಳದಲ್ಲಿರುವುದೂ ಮರಳಲ್ಲ, ಕಲ್ಲು. ಬಡಿದರೆ ಕಲ್ಲಿಗೇ ಬಡಿಯಬೇಕು, ಸಿಕ್ಕಿಕೊಂಡರೆ ಎತ್ತಿಕೊಡುವ ನೀರಿಲ್ಲ. ಈ ಒಂದು ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ದೋಣಿಯ ಆಯ್ಕೆಯಲ್ಲಿ ಇದೇ ಕಡೆಗೆ ಮುಖ್ಯವಾಯಿತು.

ಆ ದೇಶದ ಚಳಿಗಾಲವು ದೀರ್ಘವೂ ಕತ್ತಲೆಯದೂ ಆಗಿರುವುದರಿಂದ ಜನರು ಬೇಸಗೆಯನ್ನು ಹಬ್ಬದಂತೆ ಕಾಯುತ್ತಾರೆ. ಜೂನ್ ತಿಂಗಳ ನಡುವಿನಲ್ಲಿ ಹಗಲು ಹದಿನೆಂಟು ಗಂಟೆಗಳಿಗೂ ಮಿಕ್ಕಿರುತ್ತದೆ. ಜೂನಿನಿಂದ ಆಗಸ್ಟಿನ ಒಳಗೆ ಒಟ್ಟಿಗೆ ನಾಲ್ಕು ವಾರಗಳ ರಜೆಯನ್ನು ಪಡೆಯುವುದಕ್ಕೆ ಕೂಲಿಯವನಿಗೂ ಗುಮಾಸ್ತನಿಗೂ ಕಾನೂನಿನಲ್ಲಿ ಹಕ್ಕಿದೆ. ಇನ್ನೊಂದು ಹಕ್ಕು ನನಗೆ ಅದಕ್ಕಿಂತಲೂ ಸೋಜಿಗವಾಗಿ ಕಂಡಿತು. ಯಾರ ಮನೆಯ ಅಂಗಳಕ್ಕೂ ಹತ್ತಿರ ಹೋಗದೆ, ಯಾವುದನ್ನೂ ಕೆಡಿಸದೆ, ಯಾರ ನೆಲದ ಮೇಲಾದರೂ ನಡೆಯಬಹುದು, ಒಂದೆರಡು ರಾತ್ರಿ ತಂಗಬಹುದು, ದೋಣಿಯನ್ನು ಕಟ್ಟಬಹುದು. ‘ಎಲ್ಲರ ಹಕ್ಕು’ ಎಂಬ ಅರ್ಥದ ಹೆಸರುಳ್ಳ ಈ ಹಳೆಯ ಪದ್ಧತಿಯು 1994ರಿಂದ ಅವರ ರಾಜ್ಯಾಂಗದಲ್ಲಿಯೂ ಸೇರಿದೆ. ಹಕ್ಕಿಗಳು ಮರಿಮಾಡುವ ದ್ವೀಪಗಳಿಗೆ ಮಾತ್ರ ಆ ಋತುವಿನಲ್ಲಿ ಕಾಲಿಡಕೂಡದು. ಹೀಗಿರುವುದರಿಂದ ಒಂದು ಚಿಕ್ಕ ದೋಣಿಯುಳ್ಳ ಬಡ ಗೃಹಸ್ಥನೂ ಬೇಸಗೆಯಲ್ಲಿ ಸಾವಿರ ದ್ವೀಪಗಳ ಒಡೆಯನೇ ಸರಿ.

ಇನ್ನು ನನ್ನ ಕಾರಣ. 1961ರಲ್ಲಿ, ನನಗೆ ಒಂಬತ್ತು ವರ್ಷವಾಗಿದ್ದಾಗ, ನಮ್ಮ ತಂದೆಯವರು ಒಂದು ಹಳೆಯ ಪತ್ತೇಮಾರಿಯಲ್ಲಿ ಪಾಲು ಕೊಂಡರು. ಆಗಿನ್ನೂ ನಮ್ಮ ಕರಾವಳಿಯಿಂದ ಹೆಂಚು, ಕಟ್ಟಿಗೆ, ತೆಂಗಿನಕಾಯಿಗಳು ಹಾಯಿಯ ಹಡಗಿನಲ್ಲಿ ಮುಂಬಯಿಗೆ ಹೋಗುತ್ತಿದ್ದವು. ಮಾರುವವನು ಹಡಗಿಗೆ ಹೊಸ ಬಣ್ಣ ಬಳಿಸಿದ್ದನು. ಅದು ಮದುವಣಗಿತ್ತಿಯಂತೆ ಹೊಳೆಯುತ್ತಿದ್ದುದನ್ನು ನಾನು ಇಂದಿಗೂ ಕಣ್ಣಾರೆ ಕಾಣಬಲ್ಲೆನು. ಬೆಲೆಯೂ ಅಗ್ಗ. ಮನೆಯ ಹಿಂದಿನ ಅಡಕೆಯ ತೋಟವನ್ನು ಅಡವಿಟ್ಟು ಹಣ ಕೊಟ್ಟದ್ದಾಯಿತು. ಎರಡನೆಯ ಪ್ರಯಾಣದಲ್ಲಿ ಅಳಿವೆಯ ಬಾಯಿಯಲ್ಲಿಯೇ ಅಡಿಹಲಗೆಯೊಂದು ಬಿಟ್ಟು ನೀರು ನುಗ್ಗಿತು. ಆಳುಗಳೆಲ್ಲ ಈಜಿ ದಡ ಸೇರಿದರು. ಅದು ದೇವರ ದಯೆ. ಹಡಗು ಹೋಯಿತು, ತೋಟವೂ ಹೋಯಿತು. ಆಮೇಲೆ ದಡಕ್ಕೆ ಬಿದ್ದ ಹಲಗೆಯ ತುಂಡನ್ನು ತಂದೆಯವರು ಮನೆಗೆ ತಂದು ಜಗಲಿಯಲ್ಲಿಟ್ಟರು. ಮೇಲೆ ಹೊಸ ಬಣ್ಣ; ಒಳಗೆ ಕಡಲ ಹುಳು ಕೊರೆದು ಜೇನುತಟ್ಟಿಯಂತಾದ ಮರ. ಅವರು ಯಾರನ್ನೂ ಬೈಯಲಿಲ್ಲ. “ನೋಡಬೇಕಾದಲ್ಲಿ ನಾನು ನೋಡಲಿಲ್ಲ” ಎಂದಷ್ಟೇ ಹೇಳಿದರು. ಅಂದಿನಿಂದ ನಮ್ಮ ಮನೆಯವರು ಯಾರೂ ದೋಣಿಯ ಮಾತೆತ್ತಿದವರಲ್ಲ.

ಇದನ್ನು ಅಳಿಯಂದಿರಿಗೆ ಹೇಳದೆ, ನೋಡಿಬರುವುದರಿಂದ ಏನೂ ಕೆಡುವುದಿಲ್ಲವೆಂದುಕೊಂಡು ಏಪ್ರಿಲ್ ತಿಂಗಳಲ್ಲಿ ಅವರೊಡನೆ ಹೊರಟೆನು. ಹೋಗುವ ದಾರಿಯಲ್ಲಿ ಅವರಿಗೆ ಬೇಕಾದುದೇನೆಂಬುದನ್ನು ಕೇಳಿ ತಿಳಿದೆನು. ವಾಸ್ತವವಾಗಿ ಯಾವ ದೋಣಿಯನ್ನು ಕೊಳ್ಳುವುದಕ್ಕೂ ಇದೇ ಮೊದಲ ಮೆಟ್ಟಲು. ಮೂರು ಜನರ ಸಂಸಾರ: ಗಂಡ, ಹೆಂಡತಿ, ಒಂಬತ್ತು ವರ್ಷದ ಹುಡುಗಿ. ಶುಕ್ರವಾರ ಸಾಯಂಕಾಲ ಹೊರಟು ಭಾನುವಾರ ಮರಳಬೇಕು. ಜುಲೈಯಲ್ಲಿ ಒಂದೆರಡು ವಾರ ಸ್ವಲ್ಪ ದೂರ ಹೋಗಬೇಕು. ಚಿಕ್ಕ ಹಾಯಿದೋಣಿ ಒಳ್ಳೆಯ ಗಾಳಿಯಲ್ಲಿ ಗಂಟೆಗೆ ನಾಲ್ಕೈದು ಕಡಲ ಮೈಲಿ ಹೋದೀತು. ಕಡಲ ಮೈಲಿಯೆಂದರೆ 1,852 ಮೀಟರು. ಅಂದ ಮೇಲೆ ಶುಕ್ರವಾರದ ಸಂಜೆಗೆ ಹತ್ತು ಹನ್ನೆರಡು ಮೈಲಿಯ ದಾರಿಯಷ್ಟೆ. ಇದಕ್ಕೆ ಸಾಗರವನ್ನು ದಾಟುವ ನೌಕೆ ಬೇಡ, ನಿಂತು ನಡೆದಾಡುವ ಕೋಣೆ ಬೇಡ. ಮೂವರು ಒಣಗಿದ ಹಾಸಿಗೆಯಲ್ಲಿ ಮಲಗಬೇಕು, ಒಂದು ಒಲೆ ಉರಿಯಬೇಕು, ಒಬ್ಬನೇ ಹಾಯಿಯನ್ನು ಏರಿಸಿ ಇಳಿಸುವಂತಿರಬೇಕು, ಬಂಡೆಗೆ ಒಮ್ಮೆ ತಗುಲಿದರೆ ತಡೆಯಬೇಕು. ಅವರು ಕೂಡಿಸಿಟ್ಟ ಹಣ ನಲವತ್ತು ಸಾವಿರ ಕ್ರೋನ. ಆ ದೇಶದಲ್ಲಿ 1970ರ ಸುಮಾರಿಗೆ ಫೈಬರ್‌ಗ್ಲಾಸಿನ, ಎಂದರೆ ಗಾಜಿನ ನಾರನ್ನು ರಾಳದಲ್ಲಿ ನೆನೆಸಿ ಅಚ್ಚಿನಲ್ಲಿ ಎರೆದ, ದೋಣಿಗಳನ್ನು ಸಾವಿರಗಟ್ಟಲೆ ಕಟ್ಟಿದರು. ಅವು ಸುಲಭವಾಗಿ ಸಾಯುವುದಿಲ್ಲ. ಒಡೆಯರು ಮುದುಕರಾಗುತ್ತಾರೆ, ದೋಣಿಗಳು ಉಳಿಯುತ್ತವೆ. ಆದುದರಿಂದ ಇಷ್ಟು ಹಣಕ್ಕೆ ಒಂದು ದೋಣಿ ದೊರೆಯುವುದು ಅಶಕ್ಯವಲ್ಲ.

ನೀರು ಹೆಪ್ಪುಗಟ್ಟುವ ನಾಡಾದುದರಿಂದ ಚಳಿಗಾಲಕ್ಕೆ ಮುಂಚೆ ದೋಣಿಗಳನ್ನೆಲ್ಲ ದಡಕ್ಕೆ ಎತ್ತಿ ಮರದ ಊರೆಗಳ ಮೇಲೆ ನಿಲ್ಲಿಸಿ ತಾಡಪಾಲು ಹೊದಿಸಿರುತ್ತಾರೆ. ಏಪ್ರಿಲಿನಲ್ಲಿ ಒಂದೊಂದಾಗಿ ಹೊದಿಕೆಗಳು ಕಳಚುತ್ತವೆ. ಎಲ್ಲೆಲ್ಲಿಯೂ ಉಜ್ಜುವ ಸದ್ದು, ಬಣ್ಣದ ವಾಸನೆ, ಪ್ಲಾಸ್ಕಿನ ಕಾಫಿ. ಕೊಳ್ಳುವವನಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ನೀರಿನಲ್ಲಿರುವ ದೋಣಿಯು ತನ್ನ ಹೊಟ್ಟೆಯನ್ನು ಮುಚ್ಚಿಕೊಂಡಿರುತ್ತದೆ. ದಡದಲ್ಲಿ ನಿಂತಿರುವಾಗ ಬಗ್ಗಿ ನೋಡಬಹುದು.

ನಾವು ನೋಡಿದ ಮೊದಲನೆಯದು ಮರದ ‘ಫೋಕ್‌ಬೋಟ್’, ಎಂದರೆ ಜನರ ದೋಣಿ. ಇದಕ್ಕೊಂದು ಚರಿತ್ರೆಯುಂಟು. ಸಾಮಾನ್ಯ ಸಂಸಾರಿಯೂ ಕೊಳ್ಳಬಹುದಾದ ಚಿಕ್ಕ ದೋಣಿಯೊಂದರ ನಕಾಶೆಗಾಗಿ ಉತ್ತರ ದೇಶಗಳ ಹಾಯಿಸಂಘಗಳ ಒಕ್ಕೂಟವು ಮಹಾಯುದ್ಧದ ನಡುವೆ, 1941ರಲ್ಲಿ, ಒಂದು ಸ್ಪರ್ಧೆಯನ್ನು ಏರ್ಪಡಿಸಿತು. ಯಾವ ನಕಾಶೆಯೂ ಪೂರ್ತಿ ಒಪ್ಪಿಗೆಯಾಗಲಿಲ್ಲ. ಒಳ್ಳೆಯವುಗಳ ಗುಣಗಳನ್ನು ಕೂಡಿಸಿ ಟೂರ್ಡ್ ಸುಂಡೇನ್ ಎಂಬವನು ಹೊಸದಾಗಿ ಬರೆದನು. 1942ರಲ್ಲಿ ಮೊದಲನೆಯ ದೋಣಿ ನೀರಿಗಿಳಿಯಿತು. ಉದ್ದ ಏಳೂಮುಕ್ಕಾಲು ಮೀಟರಿಗೆ ಸ್ವಲ್ಪ ಕಡಮೆ, ಅಗಲ 2.20 ಮೀಟರು, ಒಟ್ಟು ತೂಕದಲ್ಲಿ ಅರ್ಧಕ್ಕೂ ಮಿಕ್ಕು ಅಡಿಮರದ ಕೆಳಗೆ ಬಿಗಿದ ಕಬ್ಬಿಣ. ಈ ಅಡಿಭಾರದ ಬೆಲೆಯನ್ನು ತಿಳಿಯಬೇಕಾದವರು ಅದೇ ಊರಿನ ವಾಸಾ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. 1628ರ ಆಗಸ್ಟ್ 10ರಂದು ವಾಸಾ ಎಂಬ ರಾಜನೌಕೆಯು ತನ್ನ ಮೊದಲ ಯಾನದಲ್ಲಿಯೇ, ಹೊರಟು ಒಂದೂವರೆ ಕಿಲೋಮೀಟರು ಸಾಗುವುದರೊಳಗೆ, ಒಂದು ಬೀಸುಗಾಳಿಗೆ ವಾಲಿ ಮುಳುಗಿತು. ಮೇಲೆ ಫಿರಂಗಿಗಳ ಭಾರ ಹೆಚ್ಚು, ಕೆಳಗೆ ಕಲ್ಲಿನ ಭಾರ ಸಾಲದು. ಅದನ್ನು 1961ರಲ್ಲಿ ಮೇಲಕ್ಕೆತ್ತಿದರು. ನಮ್ಮ ಪತ್ತೇಮಾರಿ ಮುಳುಗಿದ ವರ್ಷವೇ. ಮೂರು ಶತಮಾನಗಳು ನೀರೊಳಗಿದ್ದರೂ ಅದರ ಮರ ಗಟ್ಟಿಯಾಗಿಯೇ ಇದ್ದಿತು. ಏಕೆಂದರೆ ಆ ಸಮುದ್ರದಲ್ಲಿ ಉಪ್ಪು ಬಹಳ ಕಡಮೆ. ನಮ್ಮ ಕಡಲಲ್ಲಿ ಮರವನ್ನು ಕೊರೆಯುವ ಹುಳು ಅಲ್ಲಿ ಬದುಕಲಾರದು. ಅಲ್ಲಿ ನಿಂತು ನಾನು ತಂದೆಯವರ ಹಲಗೆಯನ್ನು ನೆನೆಯದೆ ಇರಲಾಗಲಿಲ್ಲ.

ಹಾಗಾದರೆ ಅಲ್ಲಿ ಮರದ ದೋಣಿಗೆ ಶತ್ರುವೇ ಇಲ್ಲವೆ? ಇದೆ, ಅದು ಕೆಳಗಿನಿಂದಲ್ಲ, ಮೇಲಿನಿಂದ ಬರುತ್ತದೆ. ಮಳೆಯ ಸಿಹಿನೀರು ಸಂದುಗಳಲ್ಲಿ ಇಳಿದು ನಿಂತು ಮರವನ್ನು ಕೊಳೆಯಿಸುತ್ತದೆ. ಆ ಫೋಕ್‌ಬೋಟಿನ ಹಿಂಬದಿಯ ಮೂಲೆಯಲ್ಲಿ ನಾನು ಒಂದು ಮೊಂಡು ಚಾಕುವಿನ ತುದಿಯನ್ನು ಒತ್ತಿದೆನು; ಬೆಣ್ಣೆಗೆ ಇಳಿದಂತೆ ಇಳಿಯಿತು. ಒಡೆಯನು ಒಳ್ಳೆಯವನು. “ನಿಮಗೆ ವರ್ಷಕ್ಕೆ ಆರು ವಾರ ಬಿಡುವಿದ್ದರೆ ತೆಗೆದುಕೊಳ್ಳಿ, ಇಲ್ಲದಿದ್ದರೆ ಬೇಡ” ಎಂದು ತಾನೇ ಹೇಳಿದನು. ನೌಕರಿಯಲ್ಲಿರುವ ಅಳಿಯಂದಿರಿಗೆ ಅಷ್ಟು ಬಿಡುವೆಲ್ಲಿ? ಕೈಮುಗಿದು ಬಂದೆವು.

ಎರಡನೆಯದು ಫೈಬರ್‌ಗ್ಲಾಸಿನದು. ಅಗಲವಾದ, ಬೆಳಕುಳ್ಳ ದೋಣಿ, ಒಳಗೆ ನಿಲ್ಲಬಹುದು. ಬೆಲೆ ಇಪ್ಪತ್ತೆರಡು ಸಾವಿರ ಮಾತ್ರ! ಮೈಗೆ ಹೊಸ ನೀಲಿ ಬಣ್ಣ, ಹೊಸ ದಿಂಬುಗಳು, ಹೊಸ ಪರದೆಗಳು. ಮೊಮ್ಮಗಳು ಆಗಲೇ ಮುಂಬದಿಯ ಮಂಚದಲ್ಲಿ ಮಲಗಿ, “ಅಜ್ಜ, ಇದು ನನ್ನ ಕೋಣೆ” ಎಂದಳು. ಮಗಳ ಮುಖವೂ ಅರಳಿತು. ಇನ್ನಿಬ್ಬರು ಸಂಜೆಗೆ ನೋಡಲು ಬರುವರೆಂದು ಮಾರುವವನು ಹೇಳಿದುದರಿಂದ ಅಳಿಯಂದಿರು ಮುಂಗಡ ಕೊಡುವುದಕ್ಕೂ ಸಿದ್ಧರಾದರು. ನಾನು ಅಂಬಿಗನೂ ಅಲ್ಲ, ಬಡಗಿಯೂ ಅಲ್ಲ. ಆದರೆ ಹೊಸ ಬಣ್ಣವನ್ನು ಕಂಡರೆ ನನ್ನ ಎದೆ ಹೊಡೆದುಕೊಳ್ಳುತ್ತದೆ.

“ಸ್ವಲ್ಪ ತಾಳಿ” ಎಂದು ಹೇಳಿ, ತಿರುಪುಳಿಯ ಹಿಡಿಯಿಂದ ಮೇಲ್ಗಡೆಯ ಅಟ್ಟವನ್ನು ಗೇಣಿಗೊಮ್ಮೆ ತಟ್ಟುತ್ತ ಬಂದೆನು. ಕುಂಬಾರನ ಅಂಗಡಿಯಲ್ಲಿ ಗಡಿಗೆಯನ್ನು ತಟ್ಟಿ ನೋಡುವುದಿಲ್ಲವೆ, ಹಾಗೆಯೇ. ಇಂಥ ಅಟ್ಟಗಳಲ್ಲಿ ಗಾಜುನಾರಿನ ಎರಡು ಪದರಗಳ ನಡುವೆ ಹಗುರವಾದ ಮರವನ್ನೋ ಬೆಂಡನ್ನೋ ಇಟ್ಟಿರುತ್ತಾರೆ. ಅದಕ್ಕೆ ನೀರು ಸೇರಿದರೆ ಗಟ್ಟಿ ದನಿ ಹೋಗಿ ಬೊದ್ದು ದನಿ ಬರುತ್ತದೆ. ಕೂವೆಮರದ ಬುಡದ ಸುತ್ತ ಒಂದು ಮೊಳದಷ್ಟು ಜಾಗ ಬೊದ್ದಾಗಿತ್ತು. ಅದನ್ನಾದರೂ ಸರಿಪಡಿಸಬಹುದು. ಆಮೇಲೆ ಒಳಗಿಳಿದು ನೆಲದ ಹಲಗೆಗಳನ್ನು ಎತ್ತಿಸಿದೆನು. ಅಡಿಭಾರವನ್ನು ಹಿಡಿದ ಬೋಲ್ಟುಗಳಿರುವ, ಯಾರೂ ನೋಡದ ಆ ಕತ್ತಲೆಯ ಹೊಟ್ಟೆಯಲ್ಲಿಯೂ ಹೊಸ ಬಣ್ಣ! ಅದೂ ಎಲ್ಲ ಕಡೆಯಲ್ಲಿಯೂ ಅಲ್ಲ, ಅಡಿಭಾರದ ಹಿಂತುದಿಯ ಮೇಲೆ ಮಾತ್ರ.

ಬಂಡೆಗೆ ದೋಣಿ ಬಡಿದಾಗ ಅಡಿಭಾರದ ಮುಂತುದಿ ತಡೆಯುತ್ತದೆ, ಹಿಂತುದಿ ಮೇಲಕ್ಕೆ ಒತ್ತಿ ದೋಣಿಯ ಹೊಟ್ಟೆಯನ್ನು ಸೀಳುತ್ತದೆ. ಇದನ್ನು ಆ ಫೋಕ್‌ಬೋಟಿನ ಒಡೆಯನೇ ಬೆಳಗ್ಗೆ ನನಗೆ ಕೈಸನ್ನೆಗಳಿಂದ ವಿವರಿಸಿದ್ದನು. ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದಾಗ ಬಣ್ಣದ ಅಡಿಯಲ್ಲಿ ಕೂದಲೆಳೆಯಂಥ ಗೆರೆಗಳು ಕಂಡುವು. ಎಂದಾದರೂ ಬಂಡೆಗೆ ತಗುಲಿದ್ದುಂಟೆ ಎಂದು ಅಳಿಯಂದಿರು ಕೇಳಿದರು. ಮಾರುವವನು ತಾನು ಕೊಂಡ ಮೇಲೆ ಇಲ್ಲವೆಂದನು. ಎಂದು ಕೊಂಡಿರಿ ಎಂದು ಕೇಳಿದುದಕ್ಕೆ, ಹೋದ ಶರತ್ಕಾಲದಲ್ಲಿ ಎಂದನು.

ಆಗ, ಆ ದೋಣಿಯ ನೆರಳಿನಲ್ಲಿ ನಿಂತೇ, ತಂದೆಯವರ ಕಥೆಯನ್ನು ಮೊದಲ ಬಾರಿಗೆ ಅಳಿಯಂದಿರಿಗೆ ಹೇಳಿದೆನು. ಅವರು ಬಹಳ ಹೊತ್ತು ಸುಮ್ಮನಿದ್ದು, “ಹಾಗಾದರೆ ನಿಮಗೆ ಈ ವಿಚಾರವೇ ಬೇಡವಾಗಿತ್ತು, ಅಲ್ಲವೆ ಮಾವ?” ಎಂದರು. ನಾನು ಹೂಂ ಎನ್ನುವವನಿದ್ದೆನು. ಆದರೆ ತಂದೆಯವರು ಸಮುದ್ರದ ಮೇಲೆ ತಪ್ಪು ಹೊರಿಸಿರಲಿಲ್ಲ. ನೋಡಬೇಕಾದಲ್ಲಿ ನೋಡಲಿಲ್ಲ ಎಂದಿದ್ದರು. ಅರುವತ್ತು ವರ್ಷಗಳಿಂದ ನಾನು ಆ ಮಾತಿನ ಅರ್ಧವನ್ನು ಮಾತ್ರ ಕೇಳಿಸಿಕೊಂಡಿದ್ದೆನೆಂದು ನನಗೆ ಹೊಳೆಯಿತು. “ಇದು ಬೇಡ, ಇನ್ನೊಂದನ್ನು ನೋಡೋಣ” ಎಂದೆನು. ಮೊಮ್ಮಗಳು ದಾರಿಯುದ್ದಕ್ಕೂ ಅತ್ತಳು.

ಮೂರನೆಯದನ್ನು ಮುಂದಿನ ವಾರ ವಾಕ್ಸ್‌ಹೋಮ್ ಊರಿನ ಬಳಿ ಕಂಡೆವು. ಇದೂ ಸುಂಡೇನನೇ ಬರೆದ, ಫೋಕ್‌ಬೋಟಿನ ಫೈಬರ್‌ಗ್ಲಾಸಿನ ತಂಗಿ. ಅಲ್ಲಿಯವರು ‘ಐಎಫ್’ ಎನ್ನುತ್ತಾರೆ. 1967ರಿಂದ ಇಂಥವು ಮೂರು ಸಾವಿರಕ್ಕೂ ಮಿಕ್ಕಿ ಹುಟ್ಟಿವೆ. ಉದ್ದ 7.88 ಮೀಟರು, ತೂಕ 2,150 ಕಿಲೋ, ಅದರಲ್ಲಿ 1,250 ಕಿಲೋ ಅಡಿಭಾರ. ಒಳಗೆ ತಲೆಬಗ್ಗಿಸಿಯೇ ಇರಬೇಕು. ಬಣ್ಣ ಮಾಸಿತ್ತು, ದಿಂಬುಗಳು ಹಳೆಯವು. ಆದರೆ ನೆಲದ ಹಲಗೆಯನ್ನು ಎತ್ತಿದರೆ ಧೂಳು! ದೋಣಿಯ ಹೊಟ್ಟೆಯಲ್ಲಿ ಧೂಳಿದ್ದರೆ ಅದು ಒಣಗಿದೆಯೆಂದು ಅರ್ಥ. ಅಟ್ಟವು ಎಲ್ಲೆಲ್ಲಿ ತಟ್ಟಿದರೂ ಒಂದೇ ದನಿ ಕೊಟ್ಟಿತು. ಚುಕ್ಕಾಣಿ ಕೈಯಲ್ಲಿ ಅಲುಗಾಡಲಿಲ್ಲ. ಒಡೆಯರು ವೃದ್ಧ ದಂಪತಿಗಳು. ಆ ತಾಯಿ ಒಂದು ದಪ್ಪ ಪುಸ್ತಕವನ್ನು ತಂದು ನಮ್ಮ ಕೈಗಿತ್ತರು. ಕೂವೆಮರವನ್ನು ಹಿಡಿದ ತಂತಿಹಗ್ಗಗಳನ್ನು ಎಂದು ಬದಲಾಯಿಸಿತು, ಹಾಯಿಯನ್ನು ಎಂದು ಹೊಲಿಸಿತು, ಯಾವ ವರ್ಷ ಯಾವ ಬಂಡೆಗೆ ತಗುಲಿತು, ಆಮೇಲೆ ಏನು ಮಾಡಿಸಿತು, ಎಲ್ಲವೂ ನಮ್ಮ ಅಜ್ಜಿಯರ ಲೆಕ್ಕದ ಪುಸ್ತಕದಂತೆ ಅದರಲ್ಲಿ ಬರೆದಿತ್ತು. ಬಂಡೆಗೆ ತಗುಲಿದ್ದನ್ನು ಬರೆದಿಟ್ಟವರನ್ನು ನಂಬಬಹುದು.

ದೋಷಗಳಿರಲಿಲ್ಲವೆಂದಲ್ಲ. ಅಡಿಯಲ್ಲಿ ನಾಲ್ಕಾರು ನೀರುಬೊಬ್ಬೆಗಳಿದ್ದವು. ಒಡೆದು ಒಣಗಿಸಿ ಮೆತ್ತಿದರೆ ಸಾಕಾಯಿತು. ಹಳೆಯ ವಿಷಬಣ್ಣದ ಪದರವಿತ್ತು. ದೋಣಿಯ ಅಡಿಗೆ ಪಾಚಿ ಹಿಡಿಯದಂತೆ ಬಳಿಯುತ್ತಿದ್ದ ತವರದ ವಿಷವನ್ನು ಚಿಕ್ಕ ದೋಣಿಗಳಿಗೆ 1989ರಲ್ಲಿ ಆ ದೇಶವು ನಿಷೇಧಿಸಿತು; ಆದರೂ ಹಳೆಯ ದೋಣಿಗಳಲ್ಲಿ ಮೇಲಿನ ಬಣ್ಣದ ಅಡಿಯಲ್ಲಿ ಅದು ಅಡಗಿರುವುದುಂಟು. ಅದನ್ನು ಮುಖವಾಡ ಧರಿಸಿ, ಕೆಳಗೆ ಹಾಸು ಹಾಕಿ, ಜೋಪಾನವಾಗಿ ಕೆರೆಯಬೇಕು. ಶೌಚದ ನೀರನ್ನು ಸಮುದ್ರಕ್ಕೆ ಬಿಡುವುದನ್ನು 2015ರ ಏಪ್ರಿಲ್ 1ರಿಂದ ನಿಷೇಧಿಸಿರುವುದರಿಂದ ಅದಕ್ಕೊಂದು ಮುಚ್ಚುಪಾತ್ರೆಯನ್ನು ಕೊಳ್ಳಬೇಕಾಗಿತ್ತು. ಇವುಗಳ ಖರ್ಚನ್ನೆಲ್ಲ ಒಂದು ಕಾಗದದ ಮೇಲೆ ಬರೆದು ಕೂಡಿಸಿ, ಬೆಲೆಯೊಡನೆ ಸೇರಿಸಿ ನೋಡಿದೆವು. ಅವರು ಮೂವತ್ತೈದು ಹೇಳಿದರು. ಮೂವತ್ತೊಂದು ಸಾವಿರಕ್ಕೆ ಒಪ್ಪಿಗೆಯಾಯಿತು. ಉಳಿದ ಹಣದಲ್ಲಿ ಮೊದಲು ಕೊಂಡದ್ದು ಮೂರು ತೇಲಂಗಿಗಳು. “ಮೂರಲ್ಲ, ನಾಲ್ಕು” ಎಂದು ಮಗಳು ತಿದ್ದಿದಳು.

ಈ ಮೂರು ದೋಣಿಗಳಿಂದ ನಾನು ಕಲಿತುದನ್ನು ಸಂಕ್ಷೇಪವಾಗಿ ಹೇಳುವುದಾದರೆ ಹೀಗೆ: ಮೊದಲು ನಿಮ್ಮ ಪ್ರಯಾಣವನ್ನು ಅಳೆಯಿರಿ, ಆಮೇಲೆ ದೋಣಿಯನ್ನು. ಬೆಲೆಯನ್ನು ಕೇಳುವಾಗಲೇ ಅದನ್ನು ನೀರಿಗಿಳಿಸುವವರೆಗಿನ ಖರ್ಚನ್ನೂ ಕೂಡಿಸಿರಿ. ದಿಂಬು, ಪರದೆಗಳನ್ನು ಕಡೆಯಲ್ಲಿ ನೋಡಿರಿ. ಹೊಟ್ಟೆ, ಅಡಿಭಾರ, ಚುಕ್ಕಾಣಿ, ಕೂವೆಮರದ ಬುಡ ಇವನ್ನು ಮೊದಲು ನೋಡಿರಿ. ಸಂಜೆಗೆ ಬೇರೆಯವರು ಬರುವರೆಂದು ಯಾರಾದರೂ ಅವಸರಪಡಿಸಿದರೆ ಅವರು ಸುಖವಾಗಿ ಬರಲಿ ಎಂದು ಹರಸಿ ಹಿಂತಿರುಗಿರಿ.

ಜೂನ್ ತಿಂಗಳ ಒಂದು ಶುಕ್ರವಾರ ಗ್ರಿಂಡಾ ಎಂಬ ದ್ವೀಪಕ್ಕೆ ಮೊದಲ ಪ್ರಯಾಣವಾಯಿತು. ದಡದವರೆಗೆ ಮಾತ್ರ ಬರುವೆನೆಂದು ಹೇಳಿದ್ದ ನಾನು ನಾಲ್ಕನೆಯ ತೇಲಂಗಿಯನ್ನು ಕಂಡ ಮೇಲೆ ಏನು ತಾನೆ ಹೇಳಬಲ್ಲೆನು? ಅಳಿಯಂದಿರು ಕೈಹಿಡಿದು ಹತ್ತಿಸಿದರು. ಹಾಯಿ ತುಂಬಿಕೊಂಡು ದೋಣಿ ಒಂದು ಮಗ್ಗುಲಿಗೆ ವಾಲಿದಾಗ ನನ್ನ ಮುಷ್ಟಿಗಳು ತಾವಾಗಿಯೇ ಬಿಗಿದುವು. ಸ್ವಲ್ಪ ವಾಲಿದ ಮೇಲೆ ಅಡಿಭಾರವು ಹಿಡಿದುಕೊಂಡು ಇನ್ನು ವಾಲಗೊಡಲಿಲ್ಲ. ದ್ವೀಪವನ್ನು ಸಮೀಪಿಸಿದಂತೆ ಹಿಂದಿನಿಂದ ಲಂಗರನ್ನು ಬಿಟ್ಟು, ಮೂತಿಯನ್ನು ಬಂಡೆಯ ಹತ್ತಿರಕ್ಕೆ ಮೆಲ್ಲನೆ ತಂದರು. ಮೊಮ್ಮಗಳು ಹಗ್ಗವನ್ನು ಹಿಡಿದು ಬಂಡೆಗೆ ನೆಗೆದು ಒಂದು ಪೈನ್ ಮರಕ್ಕೆ ಕಟ್ಟಿದಳು. ಒಲೆಯ ಮೇಲೆ ಮಗಳು ಅನ್ನಕ್ಕಿಟ್ಟಳು. ಗಂಟೆ ಹತ್ತಾದರೂ ಬೆಳಕು ಆರಿರಲಿಲ್ಲ.

ಎಲ್ಲರೂ ಮಲಗಿದ ಮೇಲೆ ನಾನು ಸದ್ದಿಲ್ಲದೆ ನೆಲದ ಹಲಗೆಯೊಂದನ್ನು ಎತ್ತಿ ಒಳಗೆ ಕೈಯಿಟ್ಟು ನೋಡಿದೆನು. ಧೂಳು ಹಾಗೆಯೇ ಇದ್ದಿತು. ಹಲಗೆಯನ್ನು ಮುಚ್ಚಿ ನಾನೂ ಮಲಗಿದೆನು.